ಬೋರ್ಡೋ ಹುಡುಕುತ್ತ ಮಲ್ಲೇಶ್ವರದಿಂದ ನಂದಿಯ ಬುಡಕ್ಕೆ

ಬೋರ್ಡೋ ಅಂದರೆ ಅಡಿಕೆ ತೋಟದವರ ಕಣ್ಣೆದುರು ಬರುವುದು ಜೂನ್ ತಿಂಗಳ ಜಡಿಮಳೆ, ಪೀಪಾಯಿಯಲ್ಲಿ ಕರಗಿಸಿದ ಮೈಲುತುತ್ತು, ಸೋಸಿಟ್ಟ ಸುಣ್ಣದ ನೀರು, ಕೊನೆಗೌಡನ ಅಂಗಿಯ ಮೇಲೆ ಎಷ್ಟು ಒಗೆದರೂ ಹೋಗದ ನೀಲಿ ಕಲೆ. ಅದೇ ಹೆಸರಿನ ಊರೊಂದು ಫ್ರಾನ್ಸಿನ ನೈರುತ್ಯದಲ್ಲಿದೆ, ಅಲ್ಲಿಯ ವೈನ್ ಜಗತ್ಪ್ರಸಿದ್ಧ ಎನ್ನುವುದು ನನಗೇ ತಿಳಿದದ್ದು ಕಾಲೇಜಿಗೆ ಬಂದ ಮೇಲೆ. ಹವ್ಯಕ ಮಹಾಸಭೆಯ ಕಚೇರಿ ಇರುವ ಮಲ್ಲೇಶ್ವರದಲ್ಲಿ ನಮ್ಮಂಥ ತೋಟದ ಮನೆಯವರಿಗೆ ಬರವಿಲ್ಲ. ವೈನ್ ನೋಡಲು ಬೆಂಗಳೂರಿಗೆ ಬರುತ್ತೇನೆ ಎನ್ನುವ ನೆಂಟರಿಗೆ ನಾನು ಮೊದಲು ಹೇಳುವುದು ಈ ನೀಲಿ ನೀರಿನ ಕತೆಯನ್ನೇ.

1882ರಲ್ಲಿ ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಮೆಡಾಕ್ ಪ್ರಾಂತ್ಯದ ದ್ರಾಕ್ಷಿ ತೋಟಗಳ ನಡುವೆ ಹೋಗುತ್ತಿದ್ದಾಗ ಒಂದು ವಿಚಿತ್ರ ಕಂಡರು. ಬೂಜು ರೋಗಕ್ಕೆ ತೋಟವೆಲ್ಲ ಎಲೆ ಉದುರಿಸಿ ನಿಂತಿತ್ತು, ರಸ್ತೆ ಬದಿಯ ಸಾಲು ಮಾತ್ರ ಹಸಿರಾಗಿತ್ತು. ಕೇಳಿದರೆ, ದಾರಿಹೋಕರು ಹಣ್ಣು ಕೀಳದಿರಲಿ ಎಂದು ಆ ಸಾಲಿಗೆ ಮಾತ್ರ ಮೈಲುತುತ್ತು, ಸುಣ್ಣ ಕಲಸಿ ಎರಚಿದ್ದರಂತೆ. ಕಳ್ಳರನ್ನು ಹೆದರಿಸಲು ಹಚ್ಚಿದ ಬಣ್ಣವೇ ಔಷಧಿಯಾಯಿತು. 1885ರಲ್ಲಿ ಮಿಲಾರ್ಡೆ ಅದನ್ನು ಪ್ರಕಟಿಸಿದರು. ಕಾಲು ಶತಮಾನ ಕಳೆಯುವಷ್ಟರಲ್ಲಿ ಅದು ಮೈಸೂರು ಸಂಸ್ಥಾನಕ್ಕೂ ಬಂತು. 1908ರಲ್ಲಿ ಇಲ್ಲಿಯ ಕೃಷಿ ಇಲಾಖೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಇದೇ ದ್ರಾವಣವನ್ನು ತೋಟಗಳಿಗೆ ಹೊಂದಿಸಿಕೊಟ್ಟರು. ಅದಕ್ಕೂ ಮೊದಲು ಗೊನೆಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಯಬೇಕಿತ್ತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಈ ಲೆಕ್ಕ ಇವತ್ತಿಗೂ ಅದೇ.

ಇನ್ನು ನಂದಿಯ ಬುಡದ ವೈನ್ ತೋಟಕ್ಕೆ ಹೋಗುವ ಪ್ರವಾಸದ ಮಾತು. ಇಳಿದುಕೊಳ್ಳಲು ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆ ಯಾವುದಾದರೂ ಸರಿ. ಮೂರೂ ಹಸಿರು ಮೆಟ್ರೊ ಮಾರ್ಗದ ಆಸುಪಾಸಿನಲ್ಲೇ ಇವೆ. ಬಸವನಗುಡಿಗೆ ನ್ಯಾಷನಲ್ ಕಾಲೇಜು ನಿಲ್ದಾಣ, ಚಾಮರಾಜಪೇಟೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ, ಮಲ್ಲೇಶ್ವರಕ್ಕೆ ಸಂಪಿಗೆ ರಸ್ತೆ. ಚಾಮರಾಜಪೇಟೆ 1892ರಲ್ಲಿ ಹುಟ್ಟಿದ ಬಡಾವಣೆ, ಉಳಿದೆರಡು ಪ್ಲೇಗಿನ ಹೊತ್ತಿನವು. ನನ್ನನ್ನು ಕೇಳಿದರೆ ಮಲ್ಲೇಶ್ವರವೇ ವಾಸಿ, ಬೆಳಿಗ್ಗೆ ಯಶವಂತಪುರದ ಕಡೆಗೆ ಬೇಗ ಹೊರಡಬಹುದು.

ಈ ಬಡಾವಣೆಗಳಲ್ಲಿ ‘ವೈನ್ಸ್’ ಎಂಬ ಬೋರ್ಡು ಕಂಡು ಮೋಸಹೋಗಬೇಡಿ. ಒಳಗೆ ಬ್ರಾಂಡಿ, ವಿಸ್ಕಿ, ರಮ್ಮುಗಳದೇ ರಾಜ್ಯ. ದ್ರಾಕ್ಷಿಯ ವೈನ್ ಇದ್ದರೂ ಮೇಲಿನ ಅಟ್ಟದಲ್ಲಿ ಧೂಳು ಹಿಡಿದು, ಟ್ಯೂಬ್‌ಲೈಟಿನ ಬಿಸಿಗೆ ಬೆಂದು ನಿಂತಿರುತ್ತದೆ. ಹಾಗೆ ನಿಂತ ಸೀಸೆಯನ್ನು ಕೊಳ್ಳಲೇಬಾರದು. ಅಸಲಿ ಬೋರ್ಡೋ ಬೇಕೆಂದರೆ ನಗರದ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಬಹಳ ಕಾಲ ಆಮದು ವೈನಿನ ಮೇಲೆ 150 ಪ್ರತಿಶತ ಸುಂಕವಿದ್ದ ದೇಶ ಇದು, ಬೆಲೆ ನೋಡಿಯೇ ನಶೆ ಇಳಿದುಹೋಗುತ್ತಿತ್ತು. ಹಾಗಂತ ಈ ಬೀದಿಗಳಿಗೆ ದ್ರಾಕ್ಷಿಯ ಹುಳಿಸಿದ ರಸ ಹೊಸದೇನಲ್ಲ. ಊಟವಾದ ಮೇಲೆ ಎರಡು ಚಮಚ ದ್ರಾಕ್ಷಾರಿಷ್ಟ ಕುಡಿಯುತ್ತಿದ್ದ ಮಡಿ ಅಜ್ಜಿಯರು ಇಲ್ಲಿ ಮನೆಗೊಬ್ಬರಿದ್ದರು. ಅದರ ಸೀಸೆಯ ಲೇಬಲ್ ಓದಿ ನೋಡಿ, ತಾನಾಗಿ ಹುಟ್ಟಿದ ಮದ್ಯಸಾರ ಎಷ್ಟು ಪ್ರತಿಶತ ಎಂದು ಬರೆದಿರುತ್ತದೆ. ಅಜ್ಜಿಯರಿಗೆ ತೋರಿಸುವ ಧೈರ್ಯ ನನಗೆ ಬರಲಿಲ್ಲ.

ಹೊರಡುವ ಹಿಂದಿನ ಸಂಜೆ ಗಾಂಧಿ ಬಜಾರಿಗೋ ಮಲ್ಲೇಶ್ವರದ ಎಂಟನೇ ಕ್ರಾಸಿಗೋ ಹೋಗಿ ಅರ್ಧ ಕಿಲೋ ‘ಬೆಂಗಳೂರು ನೀಲಿ’ ದ್ರಾಕ್ಷಿ ತನ್ನಿ. ಬೀಜವಿಲ್ಲದ ಉದ್ದನೆಯ ಕಪ್ಪು ದ್ರಾಕ್ಷಿಯಲ್ಲ. ಗುಂಡಗೆ, ಸಣ್ಣಗೆ, ಮೈಮೇಲೆ ಬೂದಿ ಸವರಿದಂತೆ ಇರುವುದು. ಒಂದು ಹಣ್ಣನ್ನು ಬೆರಳಲ್ಲಿ ಒತ್ತಿದರೆ ದಪ್ಪ ಸಿಪ್ಪೆ ಕೈಯಲ್ಲೇ ಉಳಿದು ತಿರುಳು ಪುಳಕ್ಕನೆ ಬಾಯಿಗೆ ಜಾರುತ್ತದೆ. ತಿರುಳು ಸಿಹಿ, ಬೀಜದ ಸುತ್ತ ಹುಳಿ, ಸಿಪ್ಪೆ ಜಗಿದರೆ ಒಗರು. ಕೋಣೆ ತುಂಬ ಒಂದು ಗಾಢ ವಾಸನೆ. ಈ ವಾಸನೆ ನೆನಪಿಟ್ಟುಕೊಳ್ಳಿ, ನಾಳೆ ಬೇಕಾಗುತ್ತದೆ.

ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಮೂಲ ಮಾತ್ರ ಅಮೆರಿಕದ್ದು. ಇದು ಅಲ್ಲಿಯ ಇಸಬೆಲ್ಲಾ ತಳಿಯೇ ಎಂದು ಬಲ್ಲವರು ಹೇಳುತ್ತಾರೆ. ಇಸಬೆಲ್ಲಾ ಸೇರಿ ಆರು ತಳಿಗಳ ವೈನನ್ನು ಫ್ರಾನ್ಸ್ 1934ರ ಕಾನೂನಿನಲ್ಲಿ ನಿಷೇಧಿಸಿತು. ನಾವು ಮಾನಪತ್ರ ಕೊಟ್ಟ ಹಣ್ಣಿಗೆ ಅಲ್ಲಿ ಗಡೀಪಾರು! ಅಮೆರಿಕದ ಬಳ್ಳಿಗೂ ಫ್ರಾನ್ಸಿಗೂ ಇನ್ನೂ ಹಳೆಯ ಕತೆಯೊಂದಿದೆ. 1860ರ ದಶಕದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಬಂದ ಫಿಲೋಕ್ಸೆರಾ ಎಂಬ ಬೇರುಹುಳ ಫ್ರಾನ್ಸಿನ ತೋಟಗಳನ್ನೇ ನುಂಗಿತ್ತು, ಮಿಲಾರ್ಡೆ ಕಂಡ ಬೂಜೂ ಅಲ್ಲಿಂದಲೇ ಬಂದದ್ದು. ಕೊನೆಗೆ ಬದುಕಿಸಿದ್ದೂ ಅಮೆರಿಕವೇ. ಅಲ್ಲಿಯ ಗಟ್ಟಿ ಬೇರಿಗೆ ಫ್ರೆಂಚ್ ಬಳ್ಳಿಯನ್ನು ಕಸಿ ಕಟ್ಟಿದರು. ನಮ್ಮ ದ್ರಾಕ್ಷಿ ಬೆಳೆಗಾರರು ‘ಡಾಗ್‌ರಿಜ್’ ಎಂದು ಕೇಳಿ ತರುವ ಬೇರುಗಿಡವೂ ಟೆಕ್ಸಾಸ್ ಮೂಲದ್ದು.

ಬರುವುದಾದರೆ ಜನವರಿ ಕೊನೆಯಿಂದ ಮಾರ್ಚ್‌ವರೆಗೆ ಬನ್ನಿ. ಬೋರ್ಡೋದಲ್ಲಿ ಕೊಯ್ಲು ಸೆಪ್ಟೆಂಬರ್-ಅಕ್ಟೋಬರ್; ಚಳಿಗೆ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಮಲಗಿಸುವ ಚಳಿ ಎಲ್ಲಿದೆ? ಹಾಗಾಗಿ ಕತ್ತರಿಯೇ ಋತು. ಬೇಸಿಗೆಯಲ್ಲಿ ಒಮ್ಮೆ ಕಡ್ಡಿಗಾಗಿ ಚಾಟನಿ, ಮಳೆಗಾಲ ಮುಗಿಯುತ್ತಿದ್ದಂತೆ ಹಣ್ಣಿಗಾಗಿ ಇನ್ನೊಮ್ಮೆ. ಆಗಸ್ಟಿನಲ್ಲಿ ಬಂದರೆ ಹಸಿರು ಎಲೆ ನೋಡಿಕೊಂಡು ಹೋಗಬೇಕಾಗುತ್ತದೆ. ಮಾಗಿಯ ಕೊನೆಗೆ ಬಂದವರಿಗೆ ಇನ್ನೊಂದು ಲಾಭವುಂಟು: ಹಡ್ಸನ್ ವೃತ್ತದ ಹಾಪ್‌ಕಾಮ್ಸ್‌ನಲ್ಲಿ ದ್ರಾಕ್ಷಿ-ಕಲ್ಲಂಗಡಿ ಮೇಳ ನಡೆಯುವುದು ಸಾಮಾನ್ಯವಾಗಿ ಆ ದಿನಗಳಲ್ಲೇ.

ಬೆಳಿಗ್ಗೆ ತಿಂಡಿ ಗಟ್ಟಿಯಾಗಿ ತಿಂದು ಹೊರಡಿ. ಖಾಲಿ ಹೊಟ್ಟೆಯಲ್ಲಿ ರುಚಿ ನೋಡಲು ಕೂತವರು ಮೂರನೇ ಲೋಟಕ್ಕೆ ಎಲ್ಲವನ್ನೂ ಚೆನ್ನಾಗಿದೆ ಎನ್ನತೊಡಗುತ್ತಾರೆ. ಯಲಹಂಕ, ರಾಜಾನುಕುಂಟೆ ದಾಟಿ ದೊಡ್ಡಬಳ್ಳಾಪುರ. ಮಲ್ಲೇಶ್ವರದಿಂದ ಸುಮಾರು 40 ಕಿಲೋಮೀಟರ್. ಹಿಂದೂಪುರದ ಕಡೆಯ ಕೆಲವು ರೈಲುಗಳು ಯಶವಂತಪುರದಿಂದ ಹೋಗುತ್ತವೆ, ಬಸ್ಸುಗಳು ಇದ್ದೇ ಇವೆ. ಕಾರಾದರೆ ಓಡಿಸುವವರು ಕುಡಿಯದವರಾಗಿರಲಿ, ಇಲ್ಲವೇ ಬಾಡಿಗೆ ಕಾರು ಮಾಡಿ. 21 ತುಂಬದ ಮಕ್ಕಳನ್ನು ಕರೆತಂದರೆ ಅವರಿಗೆ ರುಚಿ ನೋಡಲು ಕೊಡುವುದಿಲ್ಲ. ಚುನಾವಣೆ ದಿನ, ಗಾಂಧಿ ಜಯಂತಿ ದಿನ ಬರಲೇಬೇಡಿ.

ಈ ದಾರಿಗೂ ಮಲ್ಲೇಶ್ವರಕ್ಕೂ ಹಳೆಯ ನಂಟು. ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಮಗ್ಗುಲಲ್ಲಿ ಹರಿದು ಹೆಸರಘಟ್ಟದ ಕೆರೆ ಸೇರುತ್ತಿತ್ತು. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಆ ಕೆರೆಯಿಂದ. ಮಲ್ಲೇಶ್ವರದ ಹಿರಿಯರು ಇವತ್ತಿಗೂ ಆ ನೀರನ್ನು ಸೋಸುತ್ತಿದ್ದ ಜ್ಯುವೆಲ್ ಫಿಲ್ಟರ್ ಹೆಸರು ಹೇಳುತ್ತಾರೆ. ದ್ರಾಕ್ಷಿ ಬೇರು ಬಿಟ್ಟಿರುವುದು ಅದೇ ನೀರಿನ ತವರಿನಲ್ಲಿ.

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ರಸ್ತೆಯಲ್ಲಿ ರಘುನಾಥಪುರದ ಬಳಿ ಗ್ರೋವರ್ ತೋಟ. ಮುಂಬೈಯ ಉದ್ಯಮಿ ಕನ್ವಲ್ ಗ್ರೋವರ್ ಫ್ರಾನ್ಸಿನ ವೈನಿಗೆ ಮನಸೋತು, ಷಾಂಪೇನ್ ಸಂಸ್ಥೆ ಮಮ್‌ನ ತಾಂತ್ರಿಕ ಮುಖ್ಯಸ್ಥರಾಗಿದ್ದ ಜಾರ್ಜ್ ವೆಸೆಲ್ ಅವರ ಜೊತೆ ಸೇರಿ ಇಂಡಿಯಾದಲ್ಲಿ ನೆಲ ಹುಡುಕಿದರು. ಕೊನೆಗೆ ಒಪ್ಪಿದ್ದು ನಂದಿಬೆಟ್ಟದ ತಪ್ಪಲು. ಕಂಪನಿ ಹುಟ್ಟಿದ್ದು 1988ರಲ್ಲಿ. 1990ರ ದಶಕದ ನಡುವಿನಲ್ಲಿ ಬೋರ್ಡೋದ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಅವರು ಲಿಬೂರ್ನ್‌ನಲ್ಲಿ ಹುಟ್ಟಿದವರು, ಮನೆತನದ ತೋಟ ಪೊಮೆರೊಲ್‌ನಲ್ಲಿತ್ತು. 2012ರಲ್ಲಿ ನಾಸಿಕ್ ಕಡೆಯ ಕಂಪನಿಯೊಂದರ ಜೊತೆ ಸೇರಿ ಹೆಸರು ಗ್ರೋವರ್ ಜಂಪಾ ಆಯಿತು. ಸುತ್ತಾಟಕ್ಕೆ, ರುಚಿ ನೋಡಲು ಮೊದಲೇ ಕಾಯ್ದಿರಿಸಬೇಕು. ಶನಿವಾರ ಭಾನುವಾರ ಐಟಿ ಹುಡುಗರ ಗುಂಪು ಸೆಲ್ಫಿಗೇ ಬಂದಿರುತ್ತದೆ. ವಾರದ ನಡುವೆ ಹೋದರೆ ತೋರಿಸುವವರಿಗೂ ಮಾತಾಡಲು ಪುರುಸೊತ್ತು.

ಒಳಗೆ ಪೀಪಾಯಿಗಳ ಕೋಣೆಯಲ್ಲಿ ಆತುರಪಡಬೇಡಿ. ಬೋರ್ಡೋ ಅಳತೆಯ ಓಕ್ ಪೀಪಾಯಿ 225 ಲೀಟರಿನದು, ಅಂದರೆ 300 ಸೀಸೆ. ತಂಪು, ಅರೆಗತ್ತಲು, ಮರದ ಮೇಲೆ ಸುಟ್ಟ ಬೆಲ್ಲದಂಥ ವಾಸನೆ. ಇಲ್ಲಿಯ ಹೆಸರುವಾಸಿ ಕೆಂಪು ವೈನ್ ‘ಲಾ ರಿಸರ್ವ್’. ಇದು ಕ್ಯಾಬರ್ನೆ ಸೋವಿನ್ಯೋ ಮತ್ತು ಶಿರಾಜ್ ಬೆರೆಸಿದ್ದು. ಕ್ಯಾಬರ್ನೆ ಬೋರ್ಡೋದ ಗಾರಾನ್ ನದಿಯ ಎಡದಂಡೆಯ ಕಲ್ಲುಕಲ್ಲು ನೆಲದ ರಾಜ. ಬಲಗಡೆಯ ಜೇಡಿಗೆ, ದಾರ್ಡೋನ್ ನದಿಯ ಆಚೆ, ಮೆರ್ಲೋ. ಶಿರಾಜ್ ಮಾತ್ರ ರೋನ್ ಕಣಿವೆಯದು. ಬೋರ್ಡೋದವರು ಈಗ ಇಂಥ ಬೆರಕೆಗೆ ಮೂಗು ಮುರಿದರೂ, 19ನೇ ಶತಮಾನದಲ್ಲಿ ಅವರ ವರ್ತಕರೇ ತೆಳ್ಳಗಿನ ವೈನಿಗೆ ರೋನಿನ ದಟ್ಟ ವೈನ್ ಸೇರಿಸಿ ಮಾರುತ್ತಿದ್ದರು. ಅದೇ ಕಾಲದಲ್ಲಿ, 1855ರಲ್ಲಿ, ಮಾರುಕಟ್ಟೆ ಬೆಲೆ ನೋಡಿ ಅಲ್ಲಿಯ ತೋಟಗಳಿಗೆ ಐದು ದರ್ಜೆ ಕಟ್ಟಿದರು, ಆ ಪಟ್ಟಿ ಅಂದಿನಿಂದ ಹೆಚ್ಚುಕಡಿಮೆ ಹಾಗೆಯೇ ಇದೆ. 1973ರಲ್ಲಿ ಮೂತಾನ್ ರಾಥ್‌ಶೀಲ್ಡ್ ಎಂಬ ತೋಟ ಒಂದಕ್ಕೆ ಮಾತ್ರ ಬಡ್ತಿ ಸಿಕ್ಕಿತು.

ರುಚಿ ನೋಡುವ ಕ್ರಮವನ್ನು ಅವರೇ ಹೇಳಿಕೊಡುತ್ತಾರೆ: ಮೊದಲು ಬಿಳಿ, ಆಮೇಲೆ ಕೆಂಪು, ಲೋಟ ಆಡಿಸಿ, ಮೂಸಿ, ಬಾಯಲ್ಲಿ ಹೊರಳಿಸಿ. ಬೇಡವಾದರೆ ಉಗುಳಬಹುದು, ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ, ಸಂಕೋಚ ಬೇಡ. ‘ಟ್ಯಾನಿನ್’ ಎನ್ನುವಾಗ ಮಾತ್ರ ಗಮನವಿಡಿ. ನಾಲಿಗೆ ಒಣಗಿಸಿ ಒಸಡು ಹಿಡಿದಂತೆ ಮಾಡುವ ಆ ಗುಣಕ್ಕೆ ನಮ್ಮಲ್ಲಿ ಚೊಕ್ಕ ಮಾತಿದೆ, ಒಗರು. ಬಾಳೆಕಾಯಿಯ ಒಗರು, ನೆಲ್ಲಿಕಾಯಿಯ ಒಗರು. ಅಡಿಕೆ ಬೇಯಿಸಿದಾಗ ಇಳಿಯುವ ಚೊಗರು ಇದ್ದಂತೆಯೇ ಇದು. ಕ್ಯಾಬರ್ನೆಯ ಮೊದಲ ಗುಟುಕಿಗೆ ಎಳೆ ಅಡಿಕೆ ಕಚ್ಚಿದ ನೆನಪಾಗದಿದ್ದರೆ ನೀವು ಘಟ್ಟದವರಲ್ಲ. ಜೊತೆಗೆ ನಿನ್ನೆಯ ನೀಲಿ ದ್ರಾಕ್ಷಿಯ ವಾಸನೆ ನೆನೆಯಿರಿ, ಈ ಲೋಟದಲ್ಲಿ ಅದು ಇರುವುದಿಲ್ಲ. ಫ್ರೆಂಚರು ಅದನ್ನು ದೋಷವೆಂದರು. ಆ ಹಣ್ಣಿನಿಂದ ಮಾಡುವ ಸಿಹಿ ‘ಪೋರ್ಟ್’ ವೈನನ್ನು ನಾನು ಕೇಕಿನ ಜೊತೆ ಖುಷಿಯಿಂದಲೇ ಕುಡಿಯುತ್ತೇನೆ, ಊಟದ ಜೊತೆ ಆಗುವುದಿಲ್ಲ.

ವಾಪಸಾಗುವಾಗ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೋ ಘಾಟಿ ಸುಬ್ರಹ್ಮಣ್ಯಕ್ಕೋ ಹೋಗುವವರಿದ್ದಾರೆ. ದೇವರ ದರ್ಶನ ಮೊದಲು ಮುಗಿಸಿ, ತೋಟ ಆಮೇಲೆ ನೋಡಿ. ಬಸವನಗುಡಿಯ ಎಷ್ಟೋ ಮನೆಗಳಲ್ಲಿ ‘ಘಾಟಿಗೆ ಹೋಗಿದ್ವಿ’ ಎಂದಷ್ಟೇ ಹೇಳುವ ರೂಢಿಯೂ ಇದೆ. ನಮ್ಮ ಮಾವನನ್ನು ಕರೆದುಕೊಂಡು ಹೋದಾಗ ರಸ್ತೆ ಬದಿಯ ರೈತರೊಬ್ಬರ ನೀಲಿ ದ್ರಾಕ್ಷಿ ಚಪ್ಪರದ ಹತ್ತಿರ ಕಾರು ನಿಲ್ಲಿಸಿದ್ದೆ. ಕಲ್ಲುಕಂಬ, ತಂತಿ, ತಲೆಯ ಮೇಲೆ ಗೊಂಚಲು. ಮಾವ ಗೊಂಚಲು ನೋಡಲಿಲ್ಲ. ಎಲೆಯೊಂದನ್ನು ತಿರುಗಿಸಿ, ಅದರ ಮೇಲೆ ಒಣಗಿದ್ದ ತಿಳಿನೀಲಿ ಚುಕ್ಕೆಗಳನ್ನು ಉಗುರಿನಿಂದ ಕೆರೆದು, ‘ಇದು ಬೋರ್ಡೋ ಅಲ್ದನಾ ತಮಾ?’ ಅಂದರು. ಆಮೇಲೆ ಅವರೂ ಆ ರೈತರೂ ಸುಣ್ಣ ಎಷ್ಟು, ತುತ್ತು ಎಷ್ಟು ಎಂದು ಅರ್ಧ ಗಂಟೆ ಮಾತಾಡಿದರು. ವೈನಿನ ಬಗ್ಗೆ ಮಾವ ಹೇಳಿದ್ದು ಒಂದೇ ಮಾತು: ‘ಒಗರು ಜಾಸ್ತಿ ಆತು.’

ಸೀಸೆ ಕೊಂಡರೆ ಬಿಲ್ ಜೋಪಾನ. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಸಂಜೆಯೊಳಗೆ ಬೆಂದುಹೋಗುತ್ತದೆ. ಮನೆಯಲ್ಲಿ ಮಲಗಿಸಿಡಿ. ಕುಡಿಯುವ ಮುನ್ನ ಕೆಂಪನ್ನೂ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಪುಸ್ತಕಗಳು ಹೇಳುವ ‘ಕೋಣೆಯ ಉಷ್ಣ’ ನಮ್ಮ ಏಪ್ರಿಲ್ ಕೋಣೆಯದಲ್ಲ. ತೆರೆದದ್ದನ್ನು ಮೂರು ದಿನದಲ್ಲಿ ಮುಗಿಸಿ, ಉಳಿದರೆ ಹುಳಿಯಾಗುತ್ತದೆ. ನೆಂಚಿಕೊಳ್ಳಲು ವಿ.ವಿ. ಪುರದ ಬೇಕರಿಯಿಂದ ಕಾಂಗ್ರೆಸ್ ಕಡಲೆಕಾಯಿ, ಖಾರಾ ಬಿಸ್ಕತ್ತು ತಂದರೆ ಬಿಳಿ ವೈನಿಗೆ ಅದಕ್ಕಿಂತ ಒಳ್ಳೆಯ ಜೋಡಿಯಿಲ್ಲ. ಕೆಂಪಿನ ಜೊತೆ ಮಾತ್ರ ಖಾರ ಕೂಡದು. ಒಗರಿಗೂ ಮೆಣಸಿಗೂ ಆಗಿಬರುವುದಿಲ್ಲ, ಬಾಯಿ ಉರಿಯುತ್ತದೆ. ಬೆಣ್ಣೆ ಮುರುಕು, ಗಟ್ಟಿ ಚೀಸ್, ಹುರಿದ ಗೋಡಂಬಿ ಸಾಕು.

ಹೊರಡುವ ವಾರ ಒಮ್ಮೆ ತೋಟಕ್ಕೆ ಫೋನ್ ಮಾಡಿ ಕೊಯ್ಲು ನಡೆಯುತ್ತಿದೆಯೇ ಕೇಳಿಕೊಳ್ಳಿ, ಮಳೆ ನೋಡಿಕೊಂಡು ಅದು ಹಿಂದುಮುಂದಾಗುತ್ತದೆ.