ಹೊಸ ಪಿಕಪ್‌ನ ಬಾಗಿಲು ಸರಿಯಾಗಿ ಕೂರದಿದ್ದರೆ

“ಎಲ್ಲಾ ಗಾಡಿಯೂ ಕಂಪನಿಯಿಂದ ಹೀಗೇ ಬರುವುದು, ಓಡಿಸುತ್ತಾ ಸರಿಯಾಗುತ್ತದೆ.” ಎಡಬಾಗಿಲಿನ ಸಂದು ಅಗಲ, ಬಲಬಾಗಿಲಿನದು ಬಿಗಿ ಎಂದು ತೋರಿಸಿದವರಿಗೆ ಶೋರೂಮಿನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ಇದು. ವಾರೆಯಾದ ಬಾಗಿಲು ಓಡಿಸುತ್ತಾ ಸರಿಯಾಗುವುದಿಲ್ಲ. ಕೆಟ್ಟ ರಸ್ತೆಯ ಕುಲುಕಾಟಕ್ಕೆ ಹಿಂಜ್ ಸಡಿಲಾಗಿ ಇನ್ನಷ್ಟು ಜೋಲುತ್ತದೆ. ಬಿ.ಸಿ. ರೋಡಿನ ಕಡೆ ಅಡಿಕೆ ಮೂಟೆ, ಮೂಡುಬಿದಿರೆಯ ಪೇಟೆಗೆ ತರಕಾರಿ, ಬೆಳ್ತಂಗಡಿಯ ತೋಟಗಳಿಂದ ರಬ್ಬರ್ ಶೀಟು ಹೊರುವ ಗಾಡಿಗೆ ನಮ್ಮ ಮಳೆಗಾಲ ದೊಡ್ಡ ಪರೀಕ್ಷೆ. ಬೀಡಿಂಗ್ ಒತ್ತಿ ಕೂರದ ಕಡೆಯಿಂದ ನೀರು ಕ್ಯಾಬಿನ್ನಿಗೆ ಇಳಿದು, ಮ್ಯಾಟಿನ ಅಡಿಯಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಸಾಲದ ಕಂತು ಮುಗಿಯುವ ಮೊದಲೇ ಕ್ಯಾಬಿನ್ನಿನ ತಳ ಹೋದರೆ ಆ ನಷ್ಟ ದುಡಿಯುವವನದೇ.

ಕಾನೂನು ಇಲ್ಲಿ ಏನು ಹೇಳುತ್ತದೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 2(10)ರ ಪ್ರಕಾರ ಕಾನೂನಿನಿಂದಲೋ ಕರಾರಿನಿಂದಲೋ ಇರಬೇಕಾದ, ಅಥವಾ ಮಾರಾಟಗಾರ ತಾನೇ ಹೇಳಿಕೊಂಡ ಗುಣಮಟ್ಟದಲ್ಲಿನ ಯಾವುದೇ ಕೊರತೆ ‘ದೋಷ’. ಆದರೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆ ಇದೆ ಎಂಬುದಷ್ಟನ್ನೇ ಹಿಡಿದು ಹೋದರೆ ಕೇಸು ನಿಲ್ಲುವುದು ಕಷ್ಟ, ಏಕೆಂದರೆ ಪ್ರತಿ ಕಂಪನಿಯೂ ತನ್ನದೇ ಸಹನಮಿತಿ ಇಟ್ಟುಕೊಂಡಿರುತ್ತದೆ. ಆ ಸಂದಿನಿಂದ ಏನಾಗುತ್ತಿದೆ ಎಂಬುದನ್ನು ತೋರಿಸಬೇಕು: ನೀರು ಸೋರುತ್ತಿದೆ, ಬಾಗಿಲು ಎರಡು ಸಲ ಎಳೆದು ಹಾಕಿದರೂ ಲಾಕ್ ಆಗುವುದಿಲ್ಲ, ಅಂಚಿನಲ್ಲಿ ಪೇಂಟ್ ಉಜ್ಜಿ ಹೋಗಿದೆ. ಬಾಗಿಲಿನ ನಡುವೆ ಕಾಗದ ಇಟ್ಟು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಬೀಡಿಂಗ್ ಒತ್ತುತ್ತಿಲ್ಲ. ಪೈಪಿನಲ್ಲಿ ನೀರು ಬಿಟ್ಟು ವಿಡಿಯೊ ಮಾಡಿ. ಸಂದಿನ ಪಕ್ಕ ಸ್ಕೇಲ್ ಹಿಡಿದು, ಎಡ ಬಲ ಎರಡೂ ಕಡೆಯ ಫೋಟೊ ತೆಗೆಯಿರಿ.

ವಾರೆ ಬಾಗಿಲಿನ ಹಿಂದೆ ಇನ್ನೂ ಗಂಭೀರ ಸಂಗತಿ ಅಡಗಿರಬಹುದು. ಕಾರ್ಖಾನೆಯಿಂದ ಬರುವ ದಾರಿಯಲ್ಲೋ ಯಾರ್ಡಿನಲ್ಲೋ ಪೆಟ್ಟು ತಿಂದ ಗಾಡಿಯನ್ನು ಟಿಂಕರಿಂಗ್ ಮಾಡಿ, ಬಣ್ಣ ಬಳಿದು ಹೊಸದೆಂದು ಕೊಟ್ಟಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಹಿಂಜ್ ಮತ್ತು ಫೆಂಡರಿನ ಬೋಲ್ಟುಗಳ ತಲೆಯಲ್ಲಿ ಸ್ಪ್ಯಾನರಿನ ಗೀರು, ಬೀಡಿಂಗಿನ ಮೇಲೆ ಸಿಡಿದ ಬಣ್ಣ, ಒಂದು ಬಾಗಿಲಿನ ಬಣ್ಣ ಉಳಿದದ್ದಕ್ಕಿಂತ ಬೇರೆ ಇರುವುದು ಇದರ ಸುಳಿವುಗಳು. ಕಾರ್ಖಾನೆಯಲ್ಲೇ ಹೊಂದಾಣಿಕೆ ಮಾಡುವಾಗಲೂ ಗೀರು ಬೀಳಬಹುದು. ಹಾಗಾಗಿ ಒಂದು ಗುರುತಿನಿಂದ ತೀರ್ಮಾನಕ್ಕೆ ಬರಬೇಡಿ, ಆದರೆ ಲಿಖಿತವಾಗಿ ವಿವರಣೆ ಕೇಳಿ.

ಇದನ್ನೆಲ್ಲ ಯಾವಾಗ ನೋಡಬೇಕು ಎಂಬುದರಲ್ಲೇ ನಮ್ಮ ಹೆಚ್ಚಿನ ಖರೀದಿದಾರರು ಸೋಲುತ್ತಾರೆ. ನೋಂದಣಿ ಆಗದ ಗಾಡಿಯನ್ನು ಡೀಲರ್ ಗ್ರಾಹಕರ ಕೈಗೆ ಕೊಡುವಂತಿಲ್ಲ, ಅದು ಕೇಂದ್ರ ಮೋಟಾರು ವಾಹನ ನಿಯಮ 42. ಹಾಗಾಗಿ ಹೂಮಾಲೆ ಹಾಕಿ ಕೀ ಕೊಡುವ ಹೊತ್ತಿಗೆ ಗಾಡಿ ನಿಮ್ಮ ಹೆಸರಿನಲ್ಲಿ ದಾಖಲಾಗಿರುತ್ತದೆ. ಆಮೇಲೆ “ಬೇರೆ ಗಾಡಿ ಕೊಡಿ” ಎಂದರೆ ಒಪ್ಪುವವರು ವಿರಳ. ಚಾಸಿಸ್ ನಂಬರ್ ನಿಗದಿಯಾದ ಕೂಡಲೇ, ಇನ್ಶೂರೆನ್ಸ್ ಮತ್ತು ನೋಂದಣಿಗೆ ಮುನ್ನ, ಯಾರ್ಡಿಗೆ ಹೋಗಿ ಹಗಲು ಬೆಳಕಿನಲ್ಲಿ ನೋಡುತ್ತೇನೆಂದು ಬುಕಿಂಗ್ ಫಾರಂನಲ್ಲೇ ಬರೆಸಿ. 1930ರ ಸರಕು ಮಾರಾಟ ಕಾಯ್ದೆಯ ಕಲಂ 41 ಪರಿಶೀಲಿಸುವ ಅವಕಾಶ ಕೇಳುವ ಹಕ್ಕನ್ನು ಕೊಟ್ಟಿದೆ. ಅದೇ ಕಾಯ್ದೆಯ ಕಲಂ 16ರಲ್ಲಿ ಒಂದು ಎಚ್ಚರಿಕೆಯೂ ಇದೆ: ಪರಿಶೀಲಿಸಿದ ಮೇಲೆ, ಕಣ್ಣಿಗೆ ಬೀಳಲೇಬೇಕಿದ್ದ ದೋಷದ ಬಗ್ಗೆ ಮಾರಾಟಯೋಗ್ಯ ಗುಣಮಟ್ಟದ ಖಾತ್ರಿ ಉಳಿಯುವುದಿಲ್ಲ. ಡೆಲಿವರಿ ಚೀಟಿಯಲ್ಲಿ “ಎಲ್ಲವೂ ಸರಿಯಿದೆ” ಎಂಬ ಸಾಲಿನ ಕೆಳಗೆ ಸುಮ್ಮನೆ ಸಹಿ ಹಾಕಬೇಡಿ. “ಎಡಬಾಗಿಲು ಸರಿಯಾಗಿ ಕೂರುತ್ತಿಲ್ಲ, ಸರಿಪಡಿಸಿಕೊಡುವುದಾಗಿ ಹೇಳಿದ್ದಾರೆ” ಎಂದು ಕೈಬರಹದಲ್ಲೇ ಸೇರಿಸಿ, ಫೋಟೊ ಹಿಡಿದುಕೊಳ್ಳಿ. ಕನ್ನಡದಲ್ಲಿ ಬರೆದರೂ ಅದಕ್ಕೆ ಅಷ್ಟೇ ಬೆಲೆ.

ಹಿಂದಿನ ಬಾಡಿಯನ್ನು ಬೇರೆ ಬಾಡಿ ಬಿಲ್ಡರ್ ಕಟ್ಟಿದ್ದರೆ ಅದರ ಹಲಗೆ ಬಾಗಿಲಿನ ದೋಷಕ್ಕೆ ಉತ್ತರಿಸಬೇಕಾದವರು ಅವರು. ಕಂಪನಿ ಕಟ್ಟಿದ ಗಾಡಿಗೆ ಫಾರಂ 22, ಬೇರೆಡೆ ಬಾಡಿ ಕಟ್ಟಿಸಿದ್ದಕ್ಕೆ ಫಾರಂ 22-ಎ ಇರುತ್ತದೆ. ಯಾವುದು ನಿಮ್ಮದೆಂದು ನೋಡಿಕೊಳ್ಳಿ.

ಡೆಲಿವರಿ ಆದ ಮೇಲೆ ದೋಷ ಕಂಡರೆ ಪ್ರತಿ ಸಲವೂ ಜಾಬ್ ಕಾರ್ಡ್ ಮಾಡಿಸಿ. “ಜನರಲ್ ಚೆಕಪ್” ಎಂದು ಬರೆದದ್ದು ನಾಳೆ ನಿಮ್ಮ ನೆರವಿಗೆ ಬರುವುದಿಲ್ಲ, ನಿಮ್ಮ ದೂರನ್ನು ನಿಮ್ಮ ಮಾತಿನಲ್ಲೇ ಬರೆಸಬೇಕು. ಪರಿಚಯದ ಗ್ಯಾರೇಜಿನಲ್ಲಿ ಹಿಂಜ್ ಬಗ್ಗಿಸಿ ಸರಿಮಾಡಿಸುವ ಆಸೆಯನ್ನು ತಡೆಹಿಡಿಯಿರಿ. ಹೊರಗಿನವರು ಕೈ ಹಾಕಿದ್ದಾರೆಂಬ ನೆಪ ಕಂಪನಿಗೆ ಸಿಗುತ್ತದೆ, ಸಾಕ್ಷ್ಯವೂ ಅಳಿಸುತ್ತದೆ. ಎರಡು ಸಲಕ್ಕೂ ಸರಿಯಾಗದಿದ್ದರೆ ಡೀಲರ್ ಮತ್ತು ತಯಾರಕ ಕಂಪನಿ ಇಬ್ಬರಿಗೂ ನೋಟಿಸ್ ಕಳುಹಿಸಿ, ಅಂಚೆ ರಸೀದಿ ಇಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲೇ ದೂರು ಹೇಳಬಹುದು.

ಅಲ್ಲಿಯೂ ಮುಗಿಯದಿದ್ದರೆ ಮಂಗಳೂರಿನಲ್ಲಿರುವ ಜಿಲ್ಲಾ ಗ್ರಾಹಕ ಆಯೋಗ. ಗಾಡಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು (ಗ್ರಾಹಕ ಸಂರಕ್ಷಣಾ ಕಾಯ್ದೆಯ ಕಲಂ 34). ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಆಯೋಗಕ್ಕೆ ಅಧಿಕಾರ. ಶುಲ್ಕ 5ರಿಂದ 10 ಲಕ್ಷಕ್ಕೆ 200 ರೂಪಾಯಿ, 20 ಲಕ್ಷದವರೆಗೆ 400. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಸಲ್ಲಿಸಬೇಕು. “ಮುಂದಿನ ಸರ್ವಿಸಿನಲ್ಲಿ ಮಾಡಿಕೊಡುತ್ತೇವೆ” ಎಂಬ ಮಾತಿಗೆ ಕಾಯುತ್ತಾ ಆ ಅವಧಿ ಕಳೆದುಕೊಂಡರೆ ವಿಳಂಬಕ್ಕೆ ಕಾರಣ ಹೇಳುವ ಹೊರೆ ನಿಮ್ಮದು. ವಕೀಲರಿಲ್ಲದೆಯೂ ವಾದಿಸಬಹುದು. ಚಾರ್ಮಾಡಿಯ ಕಡೆಯವರು ಪ್ರತಿ ದಿನಾಂಕಕ್ಕೂ ಮಂಗಳೂರಿಗೆ ಇಳಿಯುವುದು ಕಷ್ಟವಾದರೆ ವಿಡಿಯೊ ಮೂಲಕ ವಿಚಾರಣೆಗೆ ಅರ್ಜಿ ಹಾಕಲು ಕಾಯ್ದೆಯಲ್ಲೇ ಅವಕಾಶವಿದೆ. ಉಚಿತ ಕಾನೂನು ನೆರವಿಗೆ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ಎದುರುಪಕ್ಷದ ಮೊದಲ ಆಕ್ಷೇಪ ಹೆಚ್ಚಾಗಿ “ಇದು ಬಾಡಿಗೆಗೆ ಓಡುವ ಗಾಡಿ, ಇವರು ಗ್ರಾಹಕರೇ ಅಲ್ಲ” ಎಂದಿರುತ್ತದೆ. ಹೆದರಬೇಕಿಲ್ಲ. ಸ್ವಂತ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲು ಕೊಂಡದ್ದು ವಾಣಿಜ್ಯ ಉದ್ದೇಶದ ಲೆಕ್ಕಕ್ಕೆ ಬರುವುದಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. 1995ರ ಲಕ್ಷ್ಮೀ ಎಂಜಿನಿಯರಿಂಗ್ ವರ್ಕ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿದೆ. ಉದ್ದೇಶ ವಾಣಿಜ್ಯವೆಂದು ಸಾಬೀತುಪಡಿಸುವ ಹೊಣೆ ಆಕ್ಷೇಪ ಎತ್ತಿದವರದೇ ಎಂದು 2024ರ ಶ್ರೀರಾಮ್ ಚಿಟ್ಸ್ ತೀರ್ಪು ಹೇಳಿದೆ. ಆದರೂ “ಈ ಗಾಡಿಯನ್ನು ನಾನೇ ಓಡಿಸಿ ಸಂಸಾರ ಸಾಗಿಸುತ್ತೇನೆ” ಎಂಬ ವಾಕ್ಯ ನಿಮ್ಮ ದೂರಿನಲ್ಲಿ ಇರಲೇಬೇಕು. ನಾಲ್ಕೈದು ಗಾಡಿ ಇಟ್ಟು ಚಾಲಕರಿಂದ ಓಡಿಸುವವರ ಸ್ಥಿತಿ ಬೇರೆ, ಅವರಿಗೆ ಸಿವಿಲ್ ನ್ಯಾಯಾಲಯದ ದಾರಿ ಬೇಕಾದೀತು.

ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುಪಕ್ಷ ಮಾಡಿ. ಗೋವಾದಲ್ಲಿ 2009ರ ಕಾರನ್ನು 2011ರಲ್ಲಿ ಹೊಸದೆಂದು ಮಾರಿದ ಪ್ರಕರಣದಲ್ಲಿ, ಡೀಲರ್ ಮಾಡಿದ್ದು ತಯಾರಕರಿಗೆ ಗೊತ್ತಿತ್ತೆಂದು ತೋರಿಸದ ಕಾರಣ ಟಾಟಾ ಮೋಟಾರ್ಸನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಹೊಣೆಯಿಂದ ಬಿಟ್ಟಿತು. ಒಬ್ಬರನ್ನೇ ನೆಚ್ಚಿದರೆ ಕೈ ಖಾಲಿ ಆಗಬಹುದು.

ಪರಿಹಾರ ಕೇಳುವಾಗ ಹಂತ ಹಂತವಾಗಿ ಕೇಳಿ. ಮಾರುತಿ ಉದ್ಯೋಗ್ ಮತ್ತು ಸುಶೀಲ್ ಕುಮಾರ್ ಗಬ್ಗೋತ್ರಾ ನಡುವಿನ 2006ರ ಪ್ರಕರಣದಲ್ಲಿ ದೋಷದ ಭಾಗ ಬದಲಿಸಬಹುದಾದರೆ ಇಡೀ ವಾಹನ ಬದಲಿಸಬೇಕಿಲ್ಲ ಎಂದಾಗಿದೆ. ಮೊದಲು ಬಾಗಿಲು ಮತ್ತು ಹಿಂಜ್ ಬದಲಾವಣೆ, ಗಾಡಿ ನಿಂತ ದಿನಗಳ ನಷ್ಟ. ಚೌಕಟ್ಟೇ ವಾರೆ ಎಂದು ತಜ್ಞರ ವರದಿಯಲ್ಲಿ ಬಂದರೆ ಹೊಸ ಗಾಡಿ ಅಥವಾ ಹಣ ವಾಪಸ್. ಅಂತಹ ಪರೀಕ್ಷೆಗೆ ಕಳುಹಿಸುವ ಅಧಿಕಾರ ಆಯೋಗಕ್ಕೆ ಕಲಂ 38ರಲ್ಲಿದೆ, ಖರ್ಚನ್ನು ದೂರುದಾರರು ಮೊದಲು ಕಟ್ಟಬೇಕಾಗಬಹುದು. ಕೇಸು ನಡೆಯುವಾಗ ಸಾಲದ ಕಂತು ನಿಲ್ಲಿಸಬೇಡಿ. ಸಾಲ ಕೊಟ್ಟ ಸಂಸ್ಥೆಗೂ ಬಾಗಿಲಿನ ದೋಷಕ್ಕೂ ಸಂಬಂಧವಿಲ್ಲ, ಕಂತು ತಪ್ಪಿದರೆ ಗಾಡಿಯನ್ನೇ ಅವರು ವಶಕ್ಕೆ ಪಡೆಯಬಹುದು. ಆದೇಶ ಬಂದ ಮೇಲೂ ಎದುರುಪಕ್ಷ ಪಾಲಿಸದಿದ್ದರೆ ಕಲಂ 72ರಡಿ ಅದೇ ಆಯೋಗಕ್ಕೆ ಅರ್ಜಿ ಹಾಕಿ. ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ ಅಥವಾ ಎರಡನ್ನೂ ಅದು ವಿಧಿಸಬಹುದು.