ಗರ್ಭಕೋಶದ ಗಡ್ಡೆ: ತೆಗೆಸುವ ಮುನ್ನ

ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ. ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳಿಂದ ಬೆಳೆದು, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಸ್ಕ್ಯಾನಿಂಗ್ ವರದಿಯಲ್ಲಿ ಗಡ್ಡೆ ಕಂಡಿತೆಂದ ಮಾತ್ರಕ್ಕೆ ಆಪರೇಷನ್ ಬೇಕಿಲ್ಲ. ಅತಿಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಮ್ಲ, ಹಾರ್ಮೋನು ಔಷಧಗಳಿವೆ. ಮಕ್ಕಳು ಬೇಕೆನ್ನುವವರಿಗೆ ಗಡ್ಡೆಯನ್ನಷ್ಟೇ ತೆಗೆಯುವ ಮಯೋಮೆಕ್ಟಮಿ ಇದೆ. ಗರ್ಭಕೋಶವನ್ನೇ ತೆಗೆದರೆ ಗಡ್ಡೆ ಮತ್ತೆ ಬಾರದಲ್ಲ ಎನ್ನುವವರ ಮಾತು ನಿಜ. ಬೇರಾವ ಚಿಕಿತ್ಸೆಗೂ ಬಗ್ಗದ ರಕ್ತಸ್ರಾವಕ್ಕೆ ಅದೇ ಸರಿಯಾದ ದಾರಿ ಕೂಡ. ಆದರೆ ಅದನ್ನೇ ಮೊದಲ ಮದ್ದಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ಕಲಬುರಗಿ ಜಿಲ್ಲೆಯಲ್ಲಿ ಬಡ ಲಂಬಾಣಿ, ದಲಿತ ಮಹಿಳೆಯರ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆದರೆಂಬ ದೂರುಗಳೇ ಸಾಕ್ಷಿ. ಇಂಥ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು 3 ತಿಂಗಳಲ್ಲಿ ಅಳವಡಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್ 5ರಂದು ರಾಜ್ಯಗಳಿಗೆ ನಿರ್ದೇಶಿಸಿತು.