ಶಾಲಾ ದಾಖಲೆಗಳು ಮತ್ತು ಮಾಹಿತಿ ಹಕ್ಕು

ನಾರಾಯಣಪೇಟೆ, ಮಕ್ತಲ್ ಮತ್ತು ಗದ್ವಾಲ ಪ್ರದೇಶದಲ್ಲಿ ಮಾಹಿತಿ ಹಕ್ಕಿನ ಪಾಠವನ್ನು ಬೋಧಿಸುವ ಕನ್ನಡ ಶಿಕ್ಷಕರು ದೂರದ ನಿದರ್ಶನಗಳನ್ನು ಅರಸಬೇಕಾಗಿಲ್ಲ. ಮುಖ್ಯೋಪಾಧ್ಯಾಯರ ಬೀರುವಿನಲ್ಲಿರುವ ದಾಖಲಾತಿ ರಿಜಿಸ್ಟರೇ ಸಾಕು.

ಆ ರಿಜಿಸ್ಟರಿನ ಮಾತೃಭಾಷೆಯ ಅಂಕಣವನ್ನು ಅವಸರದಲ್ಲಿ ತುಂಬುವುದುಂಟು. ಕನ್ನಡದ ಮಗುವಿನ ಎದುರು ‘ತೆಲುಗು’ ಎಂದು ಬರೆದುಬಿಡುವುದೂ ಉಂಟು. 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತೀಯ ಶಿಕ್ಷಣ ಸಚಿವರ ಸಮ್ಮೇಳನವು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಮಕ್ಕಳಿದ್ದಲ್ಲಿ ಅವರ ಮಾತೃಭಾಷೆಯಲ್ಲಿ ಬೋಧಿಸಲು ಒಬ್ಬ ಶಿಕ್ಷಕರನ್ನಾದರೂ ಒದಗಿಸಬೇಕೆಂದು ನಿರ್ಣಯಿಸಿತು. ಈ ಎಣಿಕೆಗೆ ಆಧಾರವಾಗುವುದು ಅದೇ ಅಂಕಣ. ಅಲ್ಲಿ ತಪ್ಪಿದರೆ ಮಗು ತರಗತಿಯಲ್ಲಿದ್ದೂ ಲೆಕ್ಕದಲ್ಲಿರುವುದಿಲ್ಲ.

ವ್ಯಾಸಂಗದ ದಾಖಲೆಯೂ ಅಷ್ಟೇ ಮುಖ್ಯ. ತೆಲಂಗಾಣದ ಸರ್ಕಾರಿ ನೇಮಕಾತಿಗಳಲ್ಲಿ ಸ್ಥಳೀಯ ಅಭ್ಯರ್ಥಿ ಯಾರೆಂಬುದನ್ನು 2018ರ ರಾಷ್ಟ್ರಪತಿ ಆದೇಶದನ್ವಯ ಒಂದರಿಂದ ಏಳನೆಯ ತರಗತಿವರೆಗಿನ ವ್ಯಾಸಂಗವನ್ನು ನೋಡಿ ನಿರ್ಧರಿಸಲಾಗುತ್ತದೆ. ಕೆಲವು ವರ್ಷ ರಾಯಚೂರಿನ ಕಡೆ, ಕೆಲವು ವರ್ಷ ಈ ಕಡೆ ಓದಿದ ಗಡಿಯ ಮಗುವಿಗೆ ಇದರ ಅರಿವು ಬಹು ತಡವಾಗಿ ಆಗುತ್ತದೆ. ರಿಜಿಸ್ಟರಿನಲ್ಲಿ ‘ಈರಣ್ಣ’ನಾದವನು ಇನ್ನೊಂದು ಕಾಗದದಲ್ಲಿ ‘ವೀರಣ್ಣ’ನಾಗಿದ್ದರೆ ತೊಡಕು ಇನ್ನೂ ಹೆಚ್ಚು.

ಹಳೆಯ ದಾಖಲೆ ಎಲ್ಲಿದೆ ಎಂಬುದು ಈ ನೆಲದ ವಿಶೇಷ ಪ್ರಶ್ನೆ. ಗದ್ವಾಲ ತಾಲ್ಲೂಕು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯಲ್ಲಿತ್ತು. ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರಿಗೆ, ಗದ್ವಾಲ ಆಂಧ್ರಪ್ರದೇಶಕ್ಕೆ ಸೇರಿದವು. 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯೂ, 2019ರಲ್ಲಿ ಮಕ್ತಲ್ ಒಳಗೊಂಡ ನಾರಾಯಣಪೇಟೆ ಜಿಲ್ಲೆಯೂ ಮಹಬೂಬನಗರದಿಂದ ಬೇರ್ಪಟ್ಟವು. ಜನರು ಇದ್ದಲ್ಲಿಯೇ ಇದ್ದರು, ಕಚೇರಿಗಳು ಬದಲಾದವು.

ಇಲ್ಲಿ 2005ರ ಮಾಹಿತಿ ಹಕ್ಕು ಅಧಿನಿಯಮದ 6(3)ನೆಯ ಪ್ರಕರಣವನ್ನು ನಿಧಾನವಾಗಿ ವಿವರಿಸಬೇಕು. ಕೇಳಿದ ಮಾಹಿತಿ ಬೇರೆ ಪ್ರಾಧಿಕಾರದಲ್ಲಿದ್ದರೆ, ಅರ್ಜಿ ಸ್ವೀಕರಿಸಿದ ಕಚೇರಿಯೇ ಅದನ್ನು 5 ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. ಕಾರಣ ಹೇಳುವ ಅಗತ್ಯವಿಲ್ಲ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ಬರದಿದ್ದರೆ ಮುಂದಿನ 30 ದಿನಗಳಲ್ಲಿ ಮೊದಲ ಮೇಲ್ಮನವಿ. ದಾಖಲೆಗಳನ್ನು ಸೂಚಿ ಸಹಿತ ಕ್ರಮವಾಗಿಡುವುದು 4ನೆಯ ಪ್ರಕರಣದಂತೆ ಕಚೇರಿಯ ಕರ್ತವ್ಯ. ಸರ್ಕಾರಿ ಶಾಲೆಯೂ ಇದಕ್ಕೆ ಹೊರತಲ್ಲವೆಂಬುದನ್ನು ಶಿಕ್ಷಕರು ಮರೆಯಬಾರದು.

ಭಾಷೆಯ ವಿಷಯದಲ್ಲಿ ಎಚ್ಚರ ಬೇಕು. ಸಂವಿಧಾನದ 350ನೆಯ ಅನುಚ್ಛೇದವು ಕುಂದುಕೊರತೆಯ ಮನವಿಯನ್ನು ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಸಲ್ಲಿಸಲು ಅವಕಾಶ ಕೊಡುತ್ತದೆ. ಆದ್ದರಿಂದ ಶಿಕ್ಷಕರ ಕೊರತೆಯ ಬಗ್ಗೆ ಕನ್ನಡದಲ್ಲಿ ಬರೆಯಬಹುದು. ಮಾಹಿತಿ ಕೋರಿಕೆಗಾದರೋ ಅಧಿನಿಯಮವು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯನ್ನಷ್ಟೇ ಹೇಳುತ್ತದೆ. ಕನ್ನಡ ಮಾತ್ರ ಬಲ್ಲ ಪಾಲಕರಿಗೆ ಇದು ನಿಜವಾದ ಅಡ್ಡಿ. ಬರೆಯಲಾಗದವರ ಮೌಖಿಕ ಕೋರಿಕೆಯನ್ನು ಬರಹಕ್ಕಿಳಿಸಲು ಮಾಹಿತಿ ಅಧಿಕಾರಿ ನೆರವಾಗಬೇಕೆಂಬ ನಿಯಮ ಇರುವುದನ್ನು ಅವರಿಗೆ ತಿಳಿಸಬೇಕು.

ತರಗತಿಯ ಚಟುವಟಿಕೆಗೆ ಪ್ರೌಢಶಾಲೆಯ ಮಕ್ಕಳು ‘ನಮ್ಮ ಶಾಲೆಗೆ ಮಂಜೂರಾದ ಕನ್ನಡ ಶಿಕ್ಷಕರ ಹುದ್ದೆಗಳೆಷ್ಟು, ಖಾಲಿ ಎಷ್ಟು?’ ಎಂಬ ಕೋರಿಕೆಯನ್ನು ಮೊದಲು ಕನ್ನಡದಲ್ಲಿ ಕರಡು ಮಾಡಿ, ಬಳಿಕ ತೆಲುಗಿನಲ್ಲಿ ಬರೆಯಲಿ. ‘ಏಕೆ ಖಾಲಿ ಇಟ್ಟಿದ್ದೀರಿ?’ ಎಂದು ಬರೆದವರಿಗೆ, ಅದು ದಾಖಲೆಯ ಕೋರಿಕೆಯಲ್ಲ, ಮನವಿಯಲ್ಲಿ ಕೇಳಬೇಕಾದ ಪ್ರಶ್ನೆ ಎಂದು ತಿದ್ದಿ ಹೇಳಬೇಕು.